ಒಮ್ಮುಖ ಪ್ರೀತಿಯ ಕಥೆಗಳು, ತಪ್ಪು ಮಾಡಿಯೂ ಇಷ್ಟವಾಗುವ ಪಾತ್ರಗಳು: ನಿಮಗೆ ಯಾಕೆ ಹಿಡಿಸುತ್ತವೆ?

ಓದುಗಿ_ಮಣಿಪಾಲ

ಇಬ್ಬರೂ ಪ್ರೀತಿಸಿ, ಮನೆಯವರು ಸ್ವಲ್ಪ ಹಾರಾಡಿ, ಕೊನೆಗೆ ಮದುವೆಯಾಗುವ ಕಥೆ ಓದಿದರೆ ಮುಂದಿನ ವಾರಕ್ಕೆ ನನಗೆ ಪಾತ್ರಗಳ ಹೆಸರೂ ನೆನಪಿರುವುದಿಲ್ಲ. ಅದೇ ಒಬ್ಬರು ಮಾತ್ರ ಪ್ರೀತಿಸಿ, ಆ ಕಡೆಯಿಂದ ಏನೂ ಬಾರದೆ ಹೋದರೆ ಆ ಕಥೆ ಬಿಡುವುದೇ ಇಲ್ಲ. ಬಸ್ಸಿನಲ್ಲಿ ಕೂತಾಗ, ಬಟ್ಟೆ ಮಡಚುವಾಗ ಸುಮ್ನೆ ನೆನಪಾಗುತ್ತದೆ.

ಇನ್ನೊಂದು ವಿಷಯ. ಪಾತ್ರ ತೀರಾ ಒಳ್ಳೆಯದಾದರೆ ನನಗೆ ಆಕಳಿಕೆ ಬರುತ್ತದೆ. ಧರ್ಮರಾಯನ ಬಗ್ಗೆ ಯಾರಾದರೂ ಜಗಳ ಆಡಿದ್ದು ನೋಡಿದ್ದೀರಾ? ಕರ್ಣನ ಬಗ್ಗೆ ಆದರೆ ಯಕ್ಷಗಾನದ ಆಟ ಮುಗಿದು ಮನೆ ಮುಟ್ಟುವವರೆಗೂ ಆಗುತ್ತದೆ. ಅವನು ದ್ರೌಪದಿಯ ಬಗ್ಗೆ ಸಭೆಯಲ್ಲಿ ಆಡಿದ ಮಾತು ಎಲ್ಲರಿಗೂ ಗೊತ್ತು. ಆದರೂ ಅವನು ಸತ್ತರೆ ಕಣ್ಣು ಒದ್ದೆಯಾಗುತ್ತದೆ.

ನನ್ನ ತಂಗಿ ಪ್ರಕಾರ ನನಗೆ ಅಳುವ ಚಟ, ಅಷ್ಟೆ. ನನಗೆ ಹಾಗೆ ಅನ್ನಿಸುವುದಿಲ್ಲ. ದುಃಖದ ಕಥೆ ಎಲ್ಲವೂ ಹಿಡಿಸುವುದಿಲ್ಲವಲ್ಲ. ನಿಮಗೆ ಏನನ್ನಿಸುತ್ತದೆ ಹೇಳಿ. ನಮ್ಮ ಕಡೆಯ ಉದಾಹರಣೆಗಳಿದ್ದರೆ ಇನ್ನೂ ಒಳ್ಳೆಯದು.

ಬೋಳಾರದವ

ಧರ್ಮರಾಯ ಹೆಂಡತಿಯನ್ನೇ ಜೂಜಿಗಿಟ್ಟವನು ಮಾರಾಯ್ರೆ. ಅವನನ್ನು ಒಳ್ಳೆಯವರ ಪಟ್ಟಿಗೆ ಸೇರಿಸಿದ್ದು ಯಾರು? ಜಗಳಕ್ಕೆ ನಾನು ರೆಡಿ.

ತಾಳಮದ್ದಳೆ_ಹುಚ್ಚ

ಈ ವಿಷಯ ಬಂದರೆ ನನಗೆ ಸುಮ್ಮನಿರಲಿಕ್ಕೆ ಆಗುವುದಿಲ್ಲ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಪತ್ತನಾಜೆ, ಅಂದರೆ ಆಟದ ಹಂಗಾಮು ಮುಗಿಯುವ ಮೇ ತಿಂಗಳ ದಿನ, ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ಮಳೆಗಾಲವಿಡೀ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತು ಮಾತಾಡುತ್ತಾರೆ. ಮಾತು ಬರೆದುಕೊಂಡು ಬಂದದ್ದಲ್ಲ, ಅಲ್ಲೇ ಹುಟ್ಟಿದ್ದು. ರಾವಣನ ಅರ್ಥ ಹೇಳುವವರು ಆ ರಾತ್ರಿ ರಾವಣನ ಪರವಾಗಿಯೇ ವಾದಿಸಬೇಕು. "ನಾನು ಕೆಟ್ಟವ" ಎಂದು ಅವರೇ ಒಪ್ಪಿಕೊಂಡುಬಿಟ್ಟರೆ ಮತ್ತೆ ಆಡಲಿಕ್ಕೆ ಎಂತ ಉಂಟು? ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣ, ವಾಲಿಯ ಅರ್ಥ ಕೇಳಿದ ಹಿರಿಯರು ಈಗಲೂ ಆ ಮಾತು ಎತ್ತುತ್ತಾರೆ. ರಾಮ ಹೇಳಿದ್ದು ನೆನಪಿರುವವರು ಕಡಿಮೆ.

ಒಮ್ಮುಖ ಪ್ರೀತಿಗೆ ಬಂದರೆ ನನ್ನ ಓಟು ಭೀಷ್ಮ ವಿಜಯ ಪ್ರಸಂಗಕ್ಕೆ. ಅಂಬೆ ಸಾಲ್ವನನ್ನು ಮೆಚ್ಚಿದವಳು. ಭೀಷ್ಮ ಸ್ವಯಂವರಕ್ಕೆ ನುಗ್ಗಿ ಅವಳನ್ನೂ ತಂಗಿಯರನ್ನೂ ತಮ್ಮನಿಗಾಗಿ ಎತ್ತಿಕೊಂಡು ಬರುತ್ತಾನೆ. ಅವಳು ಸಾಲ್ವನ ವಿಷಯ ಹೇಳಿದಾಗ ಮರ್ಯಾದೆಯಿಂದಲೇ ಕಳಿಸಿಕೊಡುತ್ತಾನೆ. ಜೊತೆಗೆ ಹೋಗುವ ವೃದ್ಧ ಬ್ರಾಹ್ಮಣನ ಹಾಸ್ಯಕ್ಕೆ ನಾವು ದಾರಿಯುದ್ದಕ್ಕೂ ನಗುತ್ತೇವೆ. ಆ ನಗು ಆರುವ ಮೊದಲೇ ಸಾಲ್ವ ಬೇಡ ಅನ್ನುತ್ತಾನೆ. ಬೇರೆಯವನು ಗೆದ್ದುಕೊಂಡು ಹೋದವಳು ನನಗೆ ಬೇಡ ಎಂದು. ಅವಳು ತಿರುಗಿ ಬಂದು ಭೀಷ್ಮನಲ್ಲೇ ನ್ಯಾಯ ಕೇಳುತ್ತಾಳೆ. ಎತ್ತಿಕೊಂಡು ಬಂದವ ನೀನು, ಈಗ ನೀನೇ ಮದುವೆಯಾಗು. ಅವನು ಪ್ರತಿಜ್ಞೆ ಹಿಡಿದು ಕೂತಿದ್ದಾನೆ.

ಒಳ್ಳೆಯ ಅರ್ಥಧಾರಿಗಳು ಸಿಕ್ಕಿದರೆ ಈ ಜಾಗದಲ್ಲಿ ಗಂಟೆ ಕಳೆದದ್ದು ಗೊತ್ತಾಗುವುದಿಲ್ಲ. ನಿನ್ನ ಪ್ರತಿಜ್ಞೆ ಯಾರಿಗಾಗಿ, ಅಪ್ಪನ ಮದುವೆಗಾಗಿ ತಾನೇ, ಅಪ್ಪ ಎಲ್ಲಿ ಈಗ ಎಂದು ಅಂಬೆ ಕೇಳುತ್ತಾಳೆ. ಭೀಷ್ಮನ ಹತ್ತಿರ ಅದಕ್ಕೆ ಉತ್ತರ ಉಂಟು. ಆದರೆ ಆ ಉತ್ತರ ಹೇಳುವಾಗ ಅವನ ಸ್ವರ ಸ್ವಲ್ಪ ಇಳಿಯಬೇಕು. ಅಲ್ಲೇ ಗೊತ್ತಾಗುವುದು ಕಲಾವಿದ ಎಂಥವನೆಂದು. ಕೆಲವರು ಅಂಬೆಗೆ ಈ ಹೊತ್ತಿಗೆ ಭೀಷ್ಮನ ಮೇಲೇ ಮನಸ್ಸಾಗಿದೆ ಎಂಬಂತೆ ಅರ್ಥ ಹೇಳುತ್ತಾರೆ. ಅದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಅವಳ ಸಿಟ್ಟನ್ನು ಸಿಟ್ಟಾಗಿಯೇ ಬಿಡಬೇಕು.

ಓದುಗಿಯವರೇ, ನನ್ನ ಉತ್ತರ ಇಷ್ಟು. ನಮಗೆ ಹಿಡಿಸುವುದು ದುಃಖ ಅಲ್ಲ, ವಾದ. ಸುಖವಾಗಿರುವವರಿಗೆ ವಾದಿಸುವ ಅಗತ್ಯವೇ ಇಲ್ಲ.

ಸುರತ್ಕಲ್_ಸರ್ವಿಸ್‌ಬಸ್

ಒಂದು ತಣ್ಣೀರು ಹಾಕಲಾ?

ನಾನು ಕಾಲೇಜಿಗೆ ಹೋಗುವಾಗ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ನಿಲ್ಲುತ್ತಿದ್ದ. ಒಂದು ಮಾತೂ ಆಡಿದವನಲ್ಲ. ನಾನು ಹತ್ತಿದ ಬಸ್ಸಿಗೇ ಹತ್ತುತ್ತಿದ್ದ, ಹಿಂದಿನ ಬಾಗಿಲ ಹತ್ತಿರ ನಿಲ್ಲುತ್ತಿದ್ದ, ನಾನು ಇಳಿದಲ್ಲಿ ಇಳಿದು ರಸ್ತೆಯ ಆಚೆ ಬದಿಯಲ್ಲಿ ಉಳಿಯುತ್ತಿದ್ದ. ಕಂಡಕ್ಟರಿಗೂ ಗೊತ್ತಾಗಿತ್ತು. ಟಿಕೆಟ್ ಕೊಡುವಾಗ ನನ್ನ ಮುಖ ನೋಡಿ ನಗುತ್ತಿದ್ದ. ನಾನು ಕ್ಲಾಸ್ ಮುಗಿದ ಮೇಲೂ ಲೈಬ್ರರಿಯಲ್ಲಿ ಕೂತು ಲೇಟಾಗಿ ಹೊರಡಲು ಶುರು ಮಾಡಿದೆ. ಮನೆಯಲ್ಲಿ ಲೇಟಾದದ್ದಕ್ಕೆ ಬೈಗುಳ. ಕಾರಣ ಹೇಳಿದರೆ ಕಾಲೇಜೇ ಬಿಡಿಸಿಯಾರು ಎಂದು ಹೇಳಲೂ ಇಲ್ಲ.

ಅವನ ಕಡೆಯಿಂದ ಬರೆದರೆ ಅದು ಚಂದದ ಕಥೆ. ಮಳೆ ಉಂಟು, ಕಿಟಕಿ ಉಂಟು, ಮೌನ ಉಂಟು. ನನ್ನ ಕಡೆಯಿಂದ ಬರೆದರೆ ಬರೀ ಬಸ್ಸಿನ ಟೈಮಿಂಗ್.

ಅದಕ್ಕೇ ಸಿನಿಮಾದಲ್ಲಿ ಹೀರೋ ಹುಡುಗಿಯ ಮನೆ ಎದುರು ನಿಂತರೆ, ಜನ ಶಿಳ್ಳೆ ಹೊಡೆದರೆ ನನಗೆ ಕಿರಿಕಿರಿ.

ಓದುಗಿ_ಮಣಿಪಾಲ

ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಏನು ಬರೆಯಲಿ ಅಂತಲೇ ಹೊಳೆಯಲಿಲ್ಲ. ಆದರೂ ಕೇಳುತ್ತೇನೆ. ನಿಮಗೆ ಅಂಬೆಯ ಕಥೆಯೂ ಕಿರಿಕಿರಿಯಾ? ಅವಳೂ ಒಪ್ಪದವರ ಬೆನ್ನು ಬಿದ್ದವಳೇ.

ಸುರತ್ಕಲ್_ಸರ್ವಿಸ್‌ಬಸ್

ಇಲ್ಲ. ಅಲ್ಲಿ ಭೀಷ್ಮನಿಗೆ ಬಾಯಿ ಉಂಟು. ಯಾಕೆ ಆಗುವುದಿಲ್ಲ ಎಂದು ಅವನು ಹೇಳುತ್ತಾನೆ, ಅವಳು ಕೇಳಿಸಿಕೊಳ್ಳುತ್ತಾಳೆ, ಮತ್ತೆ ಕೇಳುತ್ತಾಳೆ. ನನ್ನ ತಕರಾರು ಬಾಯಿ ಕೊಡದ ಕಥೆಗಳ ಮೇಲೆ. ಅವಳು ಬೆಳ್ಳಗೆ ನಗುತ್ತಾಳೆ, ಕೂದಲು ಹಾರಿಸುತ್ತಾಳೆ, ಬೇರೆಯವನನ್ನು ಮದುವೆಯಾಗುತ್ತಾಳೆ. ಅವಳಿಗೆ ಇವನು ಯಾಕೆ ಬೇಡ ಎಂದು ಒಂದು ಸಾಲು ಬರೆಯಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ.

ಹಳೆಗನ್ನಡ_ಮೇಷ್ಟ್ರು

ಬಾಯಿ ಕೊಡುವುದರ ವಿಷಯ ಬಂದದ್ದು ಒಳ್ಳೆಯದಾಯಿತು. ನಿವೃತ್ತನಾದ ಮೇಲೆ ಪಾಠ ಮಾಡಲಿಕ್ಕೆ ಯಾರೂ ಸಿಗುವುದಿಲ್ಲ, ನೀವು ಸಿಕ್ಕಿದ್ದೀರಿ.

ಕನ್ನಡದಲ್ಲಿ ಒಮ್ಮುಖ ಪ್ರೀತಿಯ ದೊಡ್ಡ ಕಥೆ ಜನ್ನನ ಅನಂತನಾಥ ಪುರಾಣದಲ್ಲಿದೆ, 1230ರದ್ದು. ವಸುಷೇಣನ ಅರಮನೆಗೆ ಗೆಳೆಯ ಚಂಡಶಾಸನ ಅತಿಥಿಯಾಗಿ ಬರುತ್ತಾನೆ. ಅಲ್ಲಿ ಗೆಳೆಯನ ಹೆಂಡತಿ ಸುನಂದೆಯನ್ನು ನೋಡುತ್ತಾನೆ. ಉಂಡ ಮನೆ ಎಂದು ಗೊತ್ತು, ಗೆಳೆಯ ತನ್ನನ್ನು ನಂಬಿದ್ದಾನೆ ಎಂದೂ ಗೊತ್ತು. ಆದರೂ ಅವಳನ್ನು ಕದ್ದುಕೊಂಡು ಹೋಗುತ್ತಾನೆ. ಎಷ್ಟು ಹೇಳಿದರೂ ಅವಳು ಒಲಿಯುವುದಿಲ್ಲ. ಕೊನೆಗೆ ವಸುಷೇಣ ಸತ್ತ ಎಂದು ನಂಬಿಸಲು ಮಾಯೆಯ ತಲೆಯೊಂದನ್ನು ಮಾಡಿಸಿ ಅವಳ ಮುಂದೆ ಇಡಿಸುತ್ತಾನೆ. ಗಂಡನ ಆಸೆ ಹೋದರೆ ತನ್ನ ಕಡೆ ತಿರುಗಿಯಾಳು ಎಂಬ ಲೆಕ್ಕ. ಅವಳು ಆ ತಲೆ ನೋಡಿ ಅಲ್ಲೇ ಪ್ರಾಣ ಬಿಡುತ್ತಾಳೆ. ಇವನು ಅವಳ ಚಿತೆಗೆ ಬಿದ್ದು ಸುಟ್ಟುಹೋಗುತ್ತಾನೆ.

ಇವನನ್ನು ಒಳ್ಳೆಯವನು ಎನ್ನಲು ಸಾಧ್ಯವೇ ಇಲ್ಲ. ಜನ್ನನೂ ಹಾಗೆ ಹೇಳುವುದಿಲ್ಲ. ಆದರೆ ಆ ಚಿತೆಗೆ ಬೀಳುವಾಗ ಅವನು ಸುಮ್ನೆ ಖಳನಾಗಿ ಉಳಿಯುವುದಿಲ್ಲ. ಅವನ ಪ್ರೀತಿ ಸುಳ್ಳಲ್ಲ, ಅವನು ಮಾಡಿದ್ದು ಮಾತ್ರ ಅನ್ಯಾಯ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಓದಬೇಕಾಗುತ್ತದೆ, ಅದೇ ಕಷ್ಟ, ಅದೇ ರುಚಿ. ಹಾಗೆಯೇ ಸುನಂದೆ ಗೊಂಬೆ ಅಲ್ಲ. ಅವಳ "ಇಲ್ಲ" ಇಡೀ ಕಥೆಯನ್ನು ತಿರುಗಿಸುತ್ತದೆ.

ನಾಗಚಂದ್ರನ ರಾವಣ ಇದಕ್ಕಿಂತ ಸೂಕ್ಷ್ಮ. ಅವನ ಜೈನ ರಾಮಾಯಣದಲ್ಲಿ ರಾವಣ ಒಪ್ಪದ ಪರಸ್ತ್ರೀಯನ್ನು ಮುಟ್ಟುವುದಿಲ್ಲ ಎಂದು ವ್ರತ ಹಿಡಿದವನು. ಸೀತೆಯನ್ನು ಕಂಡು ಜಾರುತ್ತಾನೆ. ಕವಿ ಆಗ ಅವನ ಪರ ಒಂದು ಮಾತು ಹೇಳುತ್ತಾನೆ: ಕಾಲ ಕೂಡಿಬಂದರೆ ಕಡಲು ಕೂಡ ಒಮ್ಮೆ ತನ್ನ ಎಲ್ಲೆ ದಾಟುವುದಿಲ್ಲವೇ? ಉಳ್ಳಾಲದ ಕಡಲ್ಕೊರೆತ ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ. ಆಮೇಲೆ ಸೀತೆ ಮೂರ್ಛೆ ಹೋದದ್ದು ನೋಡಿ ಅವನ ಮನಸ್ಸು ತಿರುಗುತ್ತದೆ. ಒಪ್ಪಿಸಿಬಿಡುತ್ತೇನೆ ಎಂದು ತೀರ್ಮಾನಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದ ಎಂದು ಜನ ಆಡಿಕೊಳ್ಳುತ್ತಾರೆ. ಮೊದಲು ರಾಮ ಲಕ್ಷ್ಮಣರನ್ನು ಗೆದ್ದು, ಆಮೇಲೆ ಒಪ್ಪಿಸೋಣ. ಆ "ಆಮೇಲೆ" ಬರುವುದೇ ಇಲ್ಲ.

ಈ ರಾವಣನನ್ನು ಪಾಠ ಮಾಡುವಾಗ ಕೊನೆ ಬೆಂಚಿನವರೂ ಕಿವಿ ಕೊಡುತ್ತಿದ್ದರು. ಆಸೆಯನ್ನು ಬಿಟ್ಟವನು, ಮರ್ಯಾದೆಯನ್ನು ಬಿಡಲಾಗದೆ ಸತ್ತ. ಇಂಥವರನ್ನು ನಾವು ಮದುವೆ ಮನೆಗಳಲ್ಲಿ, ಕೋರ್ಟಿನ ಆಸ್ತಿ ತಗಾದೆಗಳಲ್ಲಿ ದಿನಾ ನೋಡುತ್ತೇವೆ.

ಬೋಳಾರದವ

ಮೇಷ್ಟ್ರೇ, ಕಾಲೇಜಲ್ಲಿ ನಮಗೆ ಇದನ್ನು ಹೀಗೆ ಹೇಳಿದ್ದರೆ ನಾನು ಕ್ಲಾಸಿಗೆ ಹೋಗುತ್ತಿದ್ದೆ. ನಮಗೆ ಛಂದಸ್ಸು ಹಾಕಿ ಲಘು ಗುರು ಎಣಿಸಿಯೇ ಮುಗಿಸಿದರು.

ಮಲ್ಪೆ_ಕಡೆಯವ

ನೀವೆಲ್ಲ ಹಳೆ ಕಾವ್ಯಕ್ಕೆ ಹೋದಿರಿ. ನನಗೆ ಸಿನಿಮಾವೇ ಗತಿ.

ಸುರತ್ಕಲ್ ಅಕ್ಕ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಸಪ್ತ ಸಾಗರದಾಚೆ ಎಲ್ಲೋ ಎರಡನೇ ಭಾಗ 2023ರ ನವೆಂಬರಿನಲ್ಲಿ ಬಂದಾಗ ನಮ್ಮ ಗೆಳೆಯರ ಗುಂಪಿನಲ್ಲಿ ಇದೇ ಜಗಳ ಆಯಿತು. ಮನು ಜೈಲಿಂದ ಹೊರಗೆ ಬರುತ್ತಾನೆ, ಪ್ರಿಯಾಗೆ ಮದುವೆಯಾಗಿದೆ. ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಬದುಕನ್ನು ನೋಡುತ್ತಾನೆ, ಗಂಡನ ಗೆಳೆತನ ಮಾಡಿ ಸಹಾಯ ಮಾಡುತ್ತಾನೆ. ಒಬ್ಬ ಗೆಳೆಯ ಇದು ತ್ಯಾಗ ಅಂದ. ಇನ್ನೊಬ್ಬ ಇದು ಹುಚ್ಚು, ಪೊಲೀಸ್ ಕಂಪ್ಲೇಂಟ್ ಕೊಡಬೇಕಾದದ್ದು ಅಂದ. ನನಗೆ ಆ ಸಿನಿಮಾ ಇಷ್ಟವಾದದ್ದೇ ಅದಕ್ಕೆ. ಅವನು ಮಾಡುವುದು ಸರಿ ಎಂದು ನನಗೆ ಒಂದು ಸಲವೂ ಅನ್ನಿಸಲಿಲ್ಲ. ಆದರೂ ಅವನ ಜೊತೆ ಕೂತಿದ್ದೆ.

ಕಥೆಯಲ್ಲಿ ಒಬ್ಬನನ್ನು ಇಷ್ಟಪಟ್ಟರೆ ಅವನು ಮಾಡಿದ್ದಕ್ಕೆಲ್ಲ ಸಹಿ ಹಾಕಿದ ಹಾಗೆ ಅಲ್ಲ, ಅಲ್ವಾ? ಉಳಿದವರು ಕಂಡಂತೆ ಸಿನಿಮಾದ ರೌಡಿ ರಿಚ್ಚಿಯ ಮಾತಿನ ಶೈಲಿ ನಮ್ಮ ಬಂದರಿನಲ್ಲಿ ಎಷ್ಟು ಹುಡುಗರಿಗೆ ಬಾಯಿಪಾಠ ಆಗಿತ್ತು. ಅವರಲ್ಲಿ ಒಬ್ಬನೂ ರೌಡಿ ಆಗಲಿಲ್ಲ. ಈಗ ಬೋಟಿನ ಲೆಕ್ಕ ಬರೆಯುತ್ತಿದ್ದಾರೆ.

ಓದುಗಿ_ಮಣಿಪಾಲ

ಮನು ಪ್ರಿಯಾ ಕಥೆ ಒಮ್ಮುಖ ಅಲ್ಲ ಅಣ್ಣ. ಇಬ್ಬರೂ ಪ್ರೀತಿಸಿದ್ದರು, ಕೈತಪ್ಪಿತು. ಅದರಲ್ಲಿ ನಿಜವಾದ ಒಮ್ಮುಖ ಪ್ರೀತಿ ಸುರಭಿಯದು. ತನ್ನನ್ನು ನೋಡುವಾಗ ಅವನು ಬೇರೆ ಯಾರನ್ನೋ ನೋಡುತ್ತಿದ್ದಾನೆ ಎಂದು ಗೊತ್ತಿದ್ದೂ ಇರುವವಳು. ಪೋಸ್ಟರ್ ತುಂಬ ಮನು ಪ್ರಿಯಾ, ನನ್ನ ತಲೆ ತುಂಬ ಸುರಭಿ.

ಮಲ್ಪೆ_ಕಡೆಯವ

ಹೌದು ಹೌದು. ಸುರಭಿಗೊಂದು ಮೂರನೇ ಭಾಗ ಮಾಡಬೇಕು.

ಕುಂದಾಪ್ರ_ಹೆಣ್ಣು

ಎಲ್ಲರೂ ಕಾಯುವವರನ್ನೇ ಹೊಗಳುತ್ತಿದ್ದೀರಿ. ನಮ್ಮ ನೆಲದಲ್ಲಿ ಕಾಯದ ಹೆಂಗಸೂ ಒಬ್ಬಳಿದ್ದಾಳೆ. ಸಿರಿ.

ತುಳುವಿನ ಸಿರಿ ಪಾಡ್ದನ, ಅಂದರೆ ಬಾಯಿಂದ ಬಾಯಿಗೆ ಬಂದ ಅವಳ ಕಥೆಯ ಹಾಡು, ಕೇಳಿದವರಿಗೆ ಗೊತ್ತು. ಬಸುರಿ ಸಿರಿಗೆ ಬಯಕೆಯ ಸಮ್ಮಾನಕ್ಕೆಂದು ಗಂಡ ಕಾಂತ ಪೂಂಜ ಸೀರೆ ತರುತ್ತಾನೆ. ಆದರೆ ಅದನ್ನು ಮೊದಲು ತನ್ನ ಸೂಳೆ ಸಿದ್ದುವಿಗೆ ಉಡಿಸಿ ತಂದಿದ್ದಾನೆ. ಇನ್ನೊಬ್ಬಳು ಉಟ್ಟು ಬಿಟ್ಟ ಸೀರೆ ತನಗೆ ಬೇಡ ಎಂದು ಸಿರಿ ಎಲ್ಲರೆದುರೇ ಹೇಳುತ್ತಾಳೆ. ಮುಂದೆ ಅವನನ್ನೂ ಬಿಟ್ಟು ನಡೆಯುತ್ತಾಳೆ. ಈಗಲೂ ನಂದಳಿಕೆ, ಹಿರಿಯಡ್ಕ, ಕವತ್ತಾರುಗಳ ಸಿರಿ ಜಾತ್ರೆಗೆ ಹೆಂಗಸರು ಎಲ್ಲೆಲ್ಲಿಂದಲೋ ಬರುತ್ತಾರೆ. ನನ್ನ ದೊಡ್ಡಮ್ಮ ಹೋಗಿ ಬಂದವರು. ಮನೆಯಲ್ಲಿ ಎತ್ತರದ ಸ್ವರದಲ್ಲಿ ಮಾತಾಡಿದವರಲ್ಲ ಅವರು. ಸಿರಿಯ ಆ ಸೀರೆಯ ಭಾಗ ಹೇಳುವಾಗ ಮಾತ್ರ ಕೈಯಲ್ಲಿದ್ದ ಬೈರಾಸನ್ನು (ಟವೆಲನ್ನು) ಕೊಡವಿ ತೋರಿಸುತ್ತಿದ್ದರು, ಸಿರಿ ಹೀಗೆ ಮಾಡಿದಳು ಎಂದು.

ಹಾಗಾದರೆ ಸಿರಿ ಅಷ್ಟು ಗಟ್ಟಿ ಇರುವಾಗ ನಮಗೆ ಕಾಯುವವರ ಕಥೆ ಯಾಕೆ ಬೇಕು? ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ವೈದೇಹಿಯವರ ಅಕ್ಕು ಎಂಬ ಕಥೆಯ ಅಕ್ಕುವನ್ನು ಓದಿ. ಗಂಡ ಬಿಟ್ಟುಹೋಗಿದ್ದಾನೆ, ಅವಳು ಬಸುರಿ ಎಂದು ಹೇಳಿಕೊಂಡು ತಿರುಗುತ್ತಾಳೆ. ಮನೆಯವರಿಗೆ ಅವಳು ಮರುಳಿ. ಅದೇ ಮರುಳಿನ ಬಾಯಲ್ಲಿ ಮನೆಯ ದೊಡ್ಡವರ ಗುಟ್ಟೆಲ್ಲ ಹೊರಗೆ ಬೀಳುತ್ತದೆ. ಕಾಯುವುದು ಅಂದರೆ ಮೂಲೆಯಲ್ಲಿ ಕೂತು ಕಣ್ಣೀರು ಹಾಕುವುದೇ ಆಗಬೇಕಿಲ್ಲ. ಈ ಕಥೆಯೂ ಸೇರಿ ಮಾಡಿದ ಅಮ್ಮಚ್ಚಿಯೆಂಬ ನೆನಪು ಸಿನಿಮಾ 2018ರಲ್ಲಿ ಬಂತು. ನೋಡದಿದ್ದರೆ ನೋಡಿ.

ಕಥೆ_ಬರೆಯುವವಳು

ನಾನು ಮೊಬೈಲ್ ಆ್ಯಪಿನಲ್ಲಿ ಧಾರಾವಾಹಿ ಬರೆಯುತ್ತೇನೆ. ಮಂಗಳೂರಿನ ಆಫೀಸು ಮುಗಿಸಿ ರಾತ್ರಿ ಬರೆಯುವುದು. ಇಲ್ಲಿಯವರಷ್ಟು ಓದಿದವಳಲ್ಲ. ಆದರೆ ಓದುಗರು ಯಾರಿಗೆ ಕರಗುತ್ತಾರೆ ಎಂದು ದಿನಾ ಕಮೆಂಟಿನಲ್ಲಿ ಕಾಣುತ್ತದೆ.

ನನ್ನ ಹೀರೋ ಸಿಟ್ಟಿನವನು, ದುಡ್ಡಿನ ಮದ ಇರುವವನು. ಅವನು ಹೀರೋಯಿನ್ನಿಗೆ ಬೈದರೆ ಕಮೆಂಟಿನಲ್ಲಿ ಹೃದಯದ ಗುರುತುಗಳು ಬೀಳುತ್ತವೆ. ಒಳ್ಳೆಯ ಹುಡುಗ ಒಬ್ಬನನ್ನು ತಂದೆ, ಅವನು ಅವಳನ್ನು ಮೌನವಾಗಿ ಪ್ರೀತಿಸುತ್ತಾನೆ. ಪಾಪ ಅಂದರು, ಅವನಿಗೂ ಒಂದು ಜೋಡಿ ಮಾಡಿ ಅಂದರು, ಮರೆತರು. ಆಮೇಲೆ ಒಂದು ಕಂತಿನಲ್ಲಿ ಅವನಿಂದ ಸಣ್ಣ ಕೆಟ್ಟ ಕೆಲಸ ಮಾಡಿಸಿದೆ. ಅವಳಿಗೆ ಬಂದ ಒಂದು ಪತ್ರವನ್ನು ಅವನು ಕೊಡದೆ ಎರಡು ದಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಹರಿಯುವುದಿಲ್ಲ, ಓದುವುದಿಲ್ಲ. ಇಟ್ಟುಕೊಳ್ಳುತ್ತಾನೆ, ಮತ್ತೆ ಕೊಡುತ್ತಾನೆ. ಆ ಕಂತಿಗೆ ಬಂದಷ್ಟು ಕಮೆಂಟು ಮತ್ಯಾವುದಕ್ಕೂ ಬರಲಿಲ್ಲ. ಬೈದವರೇ ಜಾಸ್ತಿ. ಆದರೆ ಎಲ್ಲರೂ ಅವನ ಬಗ್ಗೆ ಮಾತಾಡಿದರು.

ತಾಳಮದ್ದಳೆಯವರು ಹೇಳಿದ ವಾದ ಇದಕ್ಕೂ ಹೊಂದುತ್ತದೆ ಎಂದು ನನಗೆ ಕಾಣುತ್ತದೆ. ಆ ಎರಡು ದಿನ ಅವನು ತನ್ನೊಡನೆ ತಾನೇ ವಾದ ಮಾಡುತ್ತಾನೆ.

ತಾಳಮದ್ದಳೆ_ಹುಚ್ಚ

ಪತ್ರದ ವಿಷಯ ಭಾರೀ ಲಾಯ್ಕಾಗಿದೆ. ತಪ್ಪು ಮಾಡಿದರಷ್ಟೇ ಸಾಲದು ಎಂದು ತೋರಿಸಲು ಒಂದು ಎದುರು ಉದಾಹರಣೆ ಕೊಡುತ್ತೇನೆ. ಕಾರಂತರ ಮರಳಿ ಮಣ್ಣಿಗೆಯ ಲಚ್ಚ. ಅಪ್ಪ ರಾಮ ಐತಾಳರು ಮಾಡಿಟ್ಟದ್ದನ್ನೆಲ್ಲ ಕಳೆಯುತ್ತಾನೆ, ಹೆಂಡತಿ ನಾಗವೇಣಿಗೆ ರೋಗ ಹತ್ತಿಸುತ್ತಾನೆ. ಲಚ್ಚ ಇಷ್ಟ ಎಂದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಅವನಿಗೆ ಒಳಗೆ ಜಗಳ ಇಲ್ಲ. ಅವರದೇ ಚೋಮನ ದುಡಿಯ ಚೋಮನನ್ನು ನೋಡಿ. ಕುಡಿಯುತ್ತಾನೆ, ಮಕ್ಕಳ ದುಡಿಮೆಯನ್ನೂ ಕುಡಿಯುತ್ತಾನೆ. ಆದರೆ ಒಂದು ತುಂಡು ಗದ್ದೆಯ ಆಸೆ ಅವನನ್ನು ಸುಡುತ್ತದೆ. ಆ ಗದ್ದೆಯೇ ಅವನಿಗೆ ಒಲಿಯದವಳು ಅನ್ನಬಹುದು.

ಹಳೆಗನ್ನಡ_ಮೇಷ್ಟ್ರು

ಲಚ್ಚನ ವಿಷಯದಲ್ಲಿ ಒಪ್ಪಿದೆ. ಚೋಮನನ್ನು ಒಮ್ಮುಖ ಪ್ರೀತಿಗೆ ಎಳೆದದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಅವನಿಗೆ ಗದ್ದೆ ಸಿಗದಂತೆ ಮಾಡಿದ್ದು ಜಾತಿ. ಅದನ್ನು ಪ್ರೇಮದ ಲೆಕ್ಕದಲ್ಲಿ ಓದಿದರೆ ಯಾರ ತಪ್ಪು ಎಂಬುದು ಮರೆಯಾಗುತ್ತದೆ.

ವಾದವೇ ಇಲ್ಲದೆ ಹಿಡಿದು ನಿಲ್ಲಿಸುವ ಪಾತ್ರವೂ ಉಂಟು. ಜನ್ನನದೇ ಯಶೋಧರ ಚರಿತೆಯ ಅಮೃತಮತಿ. ರಾಣಿ. ಪಕ್ಕದಲ್ಲಿ ಚೆಲುವನಾದ ರಾಜ ಮಲಗಿದ್ದಾನೆ. ರಾತ್ರಿಯ ಕೊನೆ ಜಾವದಲ್ಲಿ ಆನೆ ಲಾಯದ ಕಡೆಯಿಂದ ಒಂದು ಹಾಡು ಕೇಳುತ್ತದೆ. ಹಾಡಿದವನು ಮಾವುತ ಅಷ್ಟಾವಂಕ, ಮೈಯೆಲ್ಲ ಸೊಟ್ಟ. ನೋಡಿ ಬಂದ ದಾಸಿಗೇ ಹೇಸಿಗೆಯಾಗುತ್ತದೆ. ರಾಣಿ ಮಾತ್ರ ಹಿಂದೆ ಸರಿಯುವುದಿಲ್ಲ. ಒಂದು ರಾತ್ರಿ ತಡವಾಗಿ ಹೋದದ್ದಕ್ಕೆ ಅವನು ಅವಳ ಮುಡಿ ಹಿಡಿದು ಹೊಡೆಯುತ್ತಾನೆ. ಅವಳು ಅವನನ್ನೇ ಸಮಾಧಾನ ಮಾಡುತ್ತಾಳೆ. ಕತ್ತಿ ಹಿಡಿದು ಹಿಂದೆ ಬಂದ ರಾಜ ಇದನ್ನೆಲ್ಲ ಮರೆಯಿಂದ ನೋಡುತ್ತಿದ್ದಾನೆ.

ಯಾಕೆ ಹೀಗೆ ಎಂದು ಜನ್ನ ಬಿಡಿಸಿ ಹೇಳುವುದಿಲ್ಲ. ಮುಂದೆ ಅವಳು ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ, ಅಲ್ಲಿಗೆ ಅನುಕಂಪವೂ ಕಷ್ಟ. ಎಂಟುನೂರು ವರ್ಷ ದಾಟಿತು, ಆ ಹಾಡಿನಲ್ಲಿ ಏನಿತ್ತು ಎಂದು ಇನ್ನೂ ಚರ್ಚೆ ನಡೆಯುತ್ತಲೇ ಇದೆ. ಗಿರೀಶ ಕಾರ್ನಾಡರು ಇದೇ ಕಥೆ ಹಿಡಿದು ಹಿಟ್ಟಿನ ಹುಂಜ ಬರೆದರು.

ಕುಂದಾಪ್ರ_ಹೆಣ್ಣು

ಮೇಷ್ಟ್ರೇ, ಚೋಮನ ಬಗ್ಗೆ ನೀವು ಹೇಳಿದ್ದಕ್ಕೆ ನನ್ನದೂ ಕೈ ಎತ್ತಿದ್ದೇನೆ.

ಅಮೃತಮತಿಯನ್ನು ಓದುವವರಲ್ಲಿ ಗಂಡಸರು ಮತ್ತು ಹೆಂಗಸರು ಬೇರೆ ಬೇರೆ ಪ್ರಶ್ನೆ ಕೇಳುವುದನ್ನು ಗಮನಿಸಿದ್ದೀರಾ? ಗಂಡಸರು ಅವನಲ್ಲಿ ಏನು ಕಂಡಳು ಎಂದು ಕೇಳುತ್ತಾರೆ. ಹೆಂಗಸರು ರಾಜನಲ್ಲಿ ಏನು ಕಾಣಲಿಲ್ಲ ಎಂದು.

ಬೋಳಾರದವ

ನನಗೆ ಒಂದು ಡೌಟು. ಇಲ್ಲಿ ಎಲ್ಲರೂ ಪ್ರೀತಿಸಿದವರ ತಪ್ಪನ್ನೇ ಹೇಳುತ್ತಿದ್ದೀರಿ. ಬೇಡ ಎಂದವರು ಯಾವಾಗಲೂ ಚೊಕ್ಕವಾ? ಕಚ ದೇವಯಾನಿ ಪ್ರಸಂಗ ನೋಡಿದ್ದೀರಲ್ಲ.

ತಾಳಮದ್ದಳೆ_ಹುಚ್ಚ

ಒಳ್ಳೆಯ ಪಾಯಿಂಟು. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ದೇವತೆಗಳು ಕಚನನ್ನು ಶುಕ್ರಾಚಾರ್ಯರ ಹತ್ತಿರ ಮೃತಸಂಜೀವಿನಿ ವಿದ್ಯೆ ಕಲಿಯಲು ಕಳಿಸುತ್ತಾರೆ. ದೇವಯಾನಿಯನ್ನು ಮೆಚ್ಚಿಸಿದರೆ ವಿದ್ಯೆ ಸಿಗುತ್ತದೆ ಎಂದು ಕಳಿಸುವಾಗಲೇ ಹೇಳಿರುತ್ತಾರೆ. ಅವನು ಅವಳಿಗೆ ಹಾಡುತ್ತಾನೆ, ಕುಣಿಯುತ್ತಾನೆ, ಹೂವು ಹಣ್ಣು ತಂದುಕೊಡುತ್ತಾನೆ. ರಾಕ್ಷಸರು ಅವನನ್ನು ಕೊಂದಾಗಲೆಲ್ಲ ಅವಳು ಅಪ್ಪನ ಕಾಲು ಹಿಡಿದು ಬದುಕಿಸುತ್ತಾಳೆ. ಕೊನೆಗೆ ಅವನನ್ನು ಸುಟ್ಟು ಬೂದಿಯನ್ನು ಮದ್ಯದಲ್ಲಿ ಕಲಸಿ ಶುಕ್ರನಿಗೇ ಕುಡಿಸುತ್ತಾರೆ. ಹೊಟ್ಟೆಯೊಳಗೇ ವಿದ್ಯೆ ಕಲಿತು ಹೊರಗೆ ಬಂದ ಕಚ, ಗುರುವಿನ ಹೊಟ್ಟೆಯಿಂದ ಬಂದೆ, ಆದ್ದರಿಂದ ನೀನು ನನಗೆ ತಂಗಿ ಅನ್ನುತ್ತಾನೆ. ಅವಳು ವಿದ್ಯೆ ನಿನಗೆ ಫಲಿಸದಿರಲಿ ಎಂದು ಶಪಿಸುತ್ತಾಳೆ. ಅವನೂ ತಿರುಗಿ ಶಪಿಸುತ್ತಾನೆ.

ಆದರೂ ನಾನು ಕಚನ ಪರ. ಪ್ರೀತಿಸುತ್ತೇನೆ ಎಂದು ಅವನು ಎಲ್ಲಿಯೂ ಬಾಯಿ ಬಿಟ್ಟು ಹೇಳಿಲ್ಲ. ಗುರುವಿನ ಮಗಳನ್ನು ಗೌರವಿಸಿದ. ಅಷ್ಟೇ.

ಸುರತ್ಕಲ್_ಸರ್ವಿಸ್‌ಬಸ್

ಗೌರವಕ್ಕೆ ಹೂವು ಯಾಕೆ ತರಬೇಕಿತ್ತು?

ಬೋಳಾರದವ

ಅರ್ಥಧಾರಿಗಳೇ, ಉತ್ತರ ಕೊಡಿ.

ತಾಳಮದ್ದಳೆ_ಹುಚ್ಚ

ಆಶ್ರಮದಲ್ಲಿ ಹೂವು ತರುವುದು ಶಿಷ್ಯನ ಕೆಲಸ. ಪೂಜೆಗೆ.

ಸುರತ್ಕಲ್_ಸರ್ವಿಸ್‌ಬಸ್

ಕುಣಿದದ್ದೂ ಪೂಜೆಗಾ?

ತಾಳಮದ್ದಳೆ_ಹುಚ್ಚ

ಅದಕ್ಕೆ ನಾಳೆ ಬರುತ್ತೇನೆ. ಈ ಪ್ರಶ್ನೆಯನ್ನು ಎದುರು ಕೂತ ದೇವಯಾನಿ ಕೇಳಿದರೆ ಎಂತ ಹೇಳಬೇಕೆಂದು ನಮ್ಮ ತಂಡದ ಹಿರಿಯರಲ್ಲಿ ಕೇಳಿಕೊಂಡು ಬರುತ್ತೇನೆ.